ಮುಟ್ಟಿನ ದಿನ ಅಲ್ಲ, ಆದರೂ ರಕ್ತ: ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ಮಧ್ಯೆ ಮಧ್ಯೆ ರಕ್ತ ಕಾಣಿಸುತ್ತದೆ, ಮುಟ್ಟು ನಿಲ್ಲುತ್ತಲೇ ಇಲ್ಲ, ನಿಂತು ವರ್ಷಗಳಾದ ಮೇಲೆ ಮತ್ತೆ ಶುರುವಾಗಿದೆ. ಹಾಗಾಗಿ ಈ ಸಂಚಿಕೆಯ ಅಂಕಣ ಪೂರ್ತಿ ಇದಕ್ಕೇ. ಎಲ್ಲ ಪತ್ರಗಳಲ್ಲೂ ಒಂದು ಸಾಲು ಇದ್ದೇ ಇದೆ: "ಇದನ್ನು ಯಾರ ಹತ್ತಿರ ಕೇಳೋದು ಅಂತ ಗೊತ್ತಾಗಲಿಲ್ಲ." ಕೇಳಿದ್ದು ಒಳ್ಳೆಯದಾಯಿತು. ಹೆಸರು ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ನನಗೆ 29 ವರ್ಷ. ಮುಟ್ಟು ಸರಿಯಾಗಿಯೇ ಬರುತ್ತದೆ. ಆದರೆ ಎರಡು ಮೂರು ತಿಂಗಳಿಂದ, ಮುಟ್ಟಾಗಿ ಎರಡು ವಾರಕ್ಕೆ ಸರಿಯಾಗಿ ಒಂದು ದಿನ ಒಳ ಉಡುಪಿನಲ್ಲಿ ಕಂದು ಕಲೆ ಕಾಣಿಸುತ್ತದೆ. ಕೆಳಹೊಟ್ಟೆ ಒಂದು ಬದಿ ಹಿಡಿದ ಹಾಗಾಗುತ್ತದೆ. ಇನ್ನೊಂದು ವಿಷಯ, ಹೋದ ತಿಂಗಳು 2ನೇ ತಾರೀಕು ಮುಟ್ಟಾಗಿ ಮತ್ತೆ 28ಕ್ಕೆ ಆಯಿತು. ಒಂದೇ ತಿಂಗಳಲ್ಲಿ ಎರಡು ಸಲ ಆದರೆ ಏನಾದರೂ ತೊಂದರೆಯಾ? — ಬೆಂಗಳೂರು

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರ ಹೇಳ್ತೀನಿ, ಅದು ಸುಲಭ. 2ನೇ ತಾರೀಕಿನಿಂದ 28ಕ್ಕೆ 26 ದಿನ. ಇದು ಎರಡು ಸಲ ಆಗಿದ್ದಲ್ಲ, ನಿಮ್ಮ ಮುಟ್ಟು ಸರಿಯಾದ ಹೊತ್ತಿಗೇ ಬಂದಿದೆ. ತಿಂಗಳು ನೋಡಬೇಡಿ, ದಿನ ಎಣಿಸಿ. ರಕ್ತ ಶುರುವಾದ ದಿನ ಒಂದನೇ ದಿನ, ಮುಂದಿನ ಮುಟ್ಟು ಶುರುವಾಗುವ ಹಿಂದಿನ ದಿನಕ್ಕೆ ಲೆಕ್ಕ ಮುಗಿಯಿತು. ಅದು 24ರಿಂದ 38 ದಿನದೊಳಗೆ ಎಷ್ಟಿದ್ದರೂ ಸರಿಯೇ. 28 ದಿನ ಅನ್ನುವುದು ಎಲ್ಲರಿಗೂ ಹೊಂದುವ ಸಂಖ್ಯೆ ಅಲ್ಲ. ಒಂದು ತಿಂಗಳಿಗೂ ಇನ್ನೊಂದಕ್ಕೂ ಒಂದು ವಾರದವರೆಗೆ ಹೆಚ್ಚು ಕಮ್ಮಿ ಆದರೂ ಗಾಬರಿ ಬೇಡ. ರಕ್ತ ಹೋಗುವುದು 8 ದಿನದೊಳಗೆ ಮುಗಿಯಬೇಕು, ಅಷ್ಟೇ.

ಮಧ್ಯದ ಕಂದು ಕಲೆ ಮತ್ತು ಒಂದು ಬದಿಯ ನೋವು ಹೆಚ್ಚಾಗಿ ಅಂಡಾಣು ಬಿಡುಗಡೆ ಆಗುವ ಹೊತ್ತಿನದು. ಆಗ ಈಸ್ಟ್ರೋಜನ್ ಅನ್ನುವ ಹಾರ್ಮೋನು ಒಂದೆರಡು ದಿನ ಇಳಿಯುತ್ತದೆ. ಗರ್ಭಕೋಶದ ಒಳಪದರಕ್ಕೆ ಆ ಆಸರೆ ತಪ್ಪಿ ಚೂರು ರಕ್ತ ಬರುತ್ತದೆ. ಎಲ್ಲರಿಗೂ ಆಗುವುದಿಲ್ಲ, ಆದವರಿಗೂ ಪ್ರತಿ ತಿಂಗಳು ಆಗುವುದಿಲ್ಲ. ತಿಳಿ ಗುಲಾಬಿ ಅಥವಾ ಕಂದು, ಒಂದೆರಡು ದಿನ, ಪ್ಯಾಡ್ ಬೇಕಾಗದಷ್ಟು ಕಮ್ಮಿ: ಹೀಗಿದ್ದರೆ ಇನ್ನೆರಡು ತಿಂಗಳು ಗಮನಿಸಿ ಸಾಕು. ದಿನಗಳು ಜಾಸ್ತಿಯಾದರೆ, ತಿಂಗಳ ಯಾವ ದಿನ ಬೇಕಾದರೂ ಕಾಣಿಸತೊಡಗಿದರೆ, ವಾಸನೆ, ತುರಿಕೆ ಇದ್ದರೆ ತೋರಿಸಬೇಕು.

ಮನೆಯ ಗೋಡೆ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಎಲ್ಲ ಬರೆಯುತ್ತೀವಿ. ಅದೇ ಚೌಕದ ಮೂಲೆಯಲ್ಲಿ ಇದಕ್ಕೂ ಒಂದು ಗುರುತು ಹಾಕಿ. ಪೂರ್ತಿ ಮುಟ್ಟಿಗೆ ಗೀಟು, ಬರೀ ಕಲೆಗೆ ಚುಕ್ಕೆ. ಫೋನಿನಲ್ಲಿ ಬರೆದಿಟ್ಟರೂ ಸರಿ. ಡಾಕ್ಟರ್ "ಯಾವಾಗಿನಿಂದ?" ಅಂದಾಗ "ಸುಮಾರು ದಿನದಿಂದ" ಅನ್ನುವುದಕ್ಕಿಂತ ಆ ಮೂರು ತಿಂಗಳ ಹಾಳೆ ತೋರಿಸಿದರೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ.

ಪ್ರಶ್ನೆ: ಮಗಳಿಗೆ 13 ವರ್ಷ. ದೊಡ್ಡವಳಾಗಿ ಎಂಟು ತಿಂಗಳಾಯಿತು. ಒಮ್ಮೆ ಎರಡು ತಿಂಗಳಾದರೂ ಆಗುವುದಿಲ್ಲ, ಆದರೆ 12 ದಿನ ಹೋಗುತ್ತಲೇ ಇರುತ್ತದೆ. ನಮ್ಮ ಅತ್ತೆ ಉಷ್ಣ ಅಂತ ಎಳ್ಳು, ಪಪ್ಪಾಯಿ, ಮೊಟ್ಟೆ ಎಲ್ಲ ನಿಲ್ಲಿಸಿದ್ದಾರೆ. ಮಗು ಬಿಳಿಚಿಕೊಂಡಿದೆ, ಮೆಟ್ಟಿಲು ಹತ್ತಿದರೆ ಏದುಸಿರು. ಡಾಕ್ಟರ್ ಹತ್ತಿರ ಹೋದರೆ ಒಳಗೆ ಪರೀಕ್ಷೆ ಮಾಡ್ತಾರೇನೋ ಅಂತ ಹೆದರಿಕೆ. — ಶಿರಸಿ

ಉತ್ತರ: ಮೊದಲು ಆ ಹೆದರಿಕೆ ಬಿಡಿ. ಈ ವಯಸ್ಸಿನ ಮಕ್ಕಳಿಗೆ ಸಾಮಾನ್ಯವಾಗಿ ಒಳಪರೀಕ್ಷೆ ಮಾಡುವುದಿಲ್ಲ. ನೀರು ಕುಡಿಸಿ, ಮೂತ್ರ ತುಂಬಿದ ಮೇಲೆ ಹೊಟ್ಟೆಯ ಮೇಲಿಂದಲೇ ಸ್ಕ್ಯಾನಿಂಗ್ ಮಾಡುತ್ತಾರೆ. ರಕ್ತ ಪರೀಕ್ಷೆ ಮಾಡುತ್ತಾರೆ. ಅಷ್ಟೇ.

ಮುಟ್ಟು ಶುರುವಾದ ಮೊದಲ ಎರಡು ಮೂರು ವರ್ಷ ಏರುಪೇರು ಇರುತ್ತದೆ. ಮಿದುಳಿನಿಂದ ಅಂಡಾಶಯಕ್ಕೆ ಬರುವ ಸೂಚನೆಗಳು ಇನ್ನೂ ಹದಕ್ಕೆ ಬಂದಿರುವುದಿಲ್ಲ, ಹಾಗಾಗಿ ಪ್ರತಿ ತಿಂಗಳು ಅಂಡಾಣು ಬಿಡುಗಡೆ ಆಗುವುದಿಲ್ಲ. ಅಂಡಾಣು ಬಿಡುಗಡೆ ಆಗದಿದ್ದರೆ ಪ್ರೊಜೆಸ್ಟರೋನ್ ಅನ್ನುವ ಹಾರ್ಮೋನು ಬರುವುದಿಲ್ಲ. ಅದಿಲ್ಲದೆ ಒಳಪದರ ಸುಮ್ನೆ ದಪ್ಪವಾಗುತ್ತಾ ಹೋಗಿ, ಆಮೇಲೆ ಹಳೇ ಗೋಡೆಯ ಸುಣ್ಣದ ಹಾಗೆ ಇವತ್ತೊಂದು ಕಡೆ ನಾಳೆ ಒಂದು ಕಡೆ ಉದುರುತ್ತದೆ. ಅದಕ್ಕೇ ದಿನಗಟ್ಟಲೆ ಹೋಗುವುದು. ಈ ವಯಸ್ಸಿನಲ್ಲಿ 21ರಿಂದ 45 ದಿನಕ್ಕೊಮ್ಮೆ ಬಂದರೆ ಸರಿ ಅನ್ನುತ್ತೇವೆ. ಎರಡು ತಿಂಗಳಿಗೆ ಬಂದದ್ದು ಅಷ್ಟು ಚಿಂತೆಯ ವಿಷಯವಲ್ಲ, ಮೂರು ತಿಂಗಳು ದಾಟಿದರೆ ಮಾತ್ರ ತೋರಿಸಬೇಕು.

ಆದರೆ 12 ದಿನ ರಕ್ತ, ಬಿಳಿಚಿದ ಮುಖ, ಏದುಸಿರು, ಇದನ್ನು "ವಯಸ್ಸಿಗೆ ಸರಿಹೋಗುತ್ತೆ" ಅಂತ ಬಿಡಬೇಡಿ ತಾಯಿ. ಈ ವಾರವೇ ಹಿಮೋಗ್ಲೋಬಿನ್ ನೋಡಿಸಿ. 12ಕ್ಕಿಂತ ಕಮ್ಮಿ ಇದ್ದರೆ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ 57% ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಬಿಳಿಚಿದ ಮುಖ ನೋಡಿ ನೋಡಿ ಅದೇ ಸಹಜ ಅನ್ನಿಸಿಬಿಟ್ಟಿದೆ ನಮಗೆ.

ಇನ್ನೊಂದು ವಿಷಯ ಡಾಕ್ಟರಿಗೆ ತಪ್ಪದೆ ಹೇಳಿ. ಅವಳಿಗೆ ಆಗಾಗ ಮೂಗಿನಲ್ಲಿ ರಕ್ತ ಬರುತ್ತಾ? ಹಲ್ಲುಜ್ಜುವಾಗ ವಸಡಿನಿಂದ? ಏನೂ ತಗಲದಿದ್ದರೂ ಮೈಮೇಲೆ ನೀಲಿ ಕಲೆ? ನಿಮಗೋ ನಿಮ್ಮ ತಂಗಿಯರಿಗೋ ಹೆರಿಗೆಯಲ್ಲಿ, ಹಲ್ಲು ಕೀಳಿಸಿದಾಗ ರಕ್ತ ನಿಲ್ಲದೆ ಕಷ್ಟವಾಗಿತ್ತಾ? ರಕ್ತ ಹೆಪ್ಪುಗಟ್ಟುವ ತೊಂದರೆ ಕೆಲವು ಹುಡುಗಿಯರಲ್ಲಿ ಮೊದಲು ಗೊತ್ತಾಗುವುದೇ ಮೊದಲ ಮುಟ್ಟುಗಳಲ್ಲಿ. ಗೊತ್ತಾದರೆ ಔಷಧಿ ಇದೆ. ಥೈರಾಯ್ಡ್ ಕೂಡ ನೋಡಿಸಿ.

ಎಳ್ಳಿನಿಂದ, ಪಪ್ಪಾಯಿಯಿಂದ ರಕ್ತ ಜಾಸ್ತಿ ಹೋಗುವುದಿಲ್ಲ. ಅತ್ತೆಯವರಿಗೆ ಮೊಮ್ಮಗಳ ಮೇಲಿನ ಕಾಳಜಿ ಇದೆ, ಅದನ್ನು ಒಪ್ಪಿಕೊಂಡೇ ಹೇಳಿ: ರಕ್ತ ಕಳಕೊಳ್ಳುತ್ತಿರುವ ಮಗುವಿಗೆ ಮೊಟ್ಟೆ ನಿಲ್ಲಿಸಿದರೆ ಕಳಕೊಂಡದ್ದು ತುಂಬುವುದು ಹೇಗೆ? ಸೊಪ್ಪು, ಹುರುಳಿ, ಮೊಟ್ಟೆ, ತಿನ್ನುವವರಾದರೆ ಮೀನು ಮಾಂಸ, ಜೊತೆಗೆ ನಿಂಬೆಯೋ ನೆಲ್ಲಿಕಾಯಿಯೋ ಕೊಡಿ. ಶಾಲೆಯಲ್ಲಿ ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ, ಹೊಟ್ಟೆ ತೊಳೆಸುತ್ತದೆ ಅಂತ ಎಷ್ಟೋ ಮಕ್ಕಳು ಅದನ್ನು ಕಿಟಕಿಯಾಚೆ ಎಸೆಯುತ್ತಾರೆ. ಊಟವಾದ ಮೇಲೆ ನುಂಗಿದರೆ ಅಷ್ಟು ತೊಂದರೆ ಆಗುವುದಿಲ್ಲ. ಮಾತ್ರೆಯ ಆಸುಪಾಸಿನಲ್ಲಿ ಟೀ, ಕಾಫಿ ಮಾತ್ರ ಬೇಡ. ಆದರೆ ಹಿಮೋಗ್ಲೋಬಿನ್ ಈಗಾಗಲೇ ಇಳಿದಿದ್ದರೆ ವಾರಕ್ಕೊಂದು ಸಾಲದು, ದಿನಾ ಬೇಕಾಗುತ್ತದೆ, ಎಷ್ಟು ಅಂತ ಡಾಕ್ಟರ್ ಹೇಳಲಿ. ಗಂಟೆಗೊಂದು ಪ್ಯಾಡ್ ನೆನೆಯುತ್ತಿದ್ದರೆ, ತಲೆ ಸುತ್ತಿ ಬೀಳುವ ಹಾಗಾದರೆ, ಆಗ ಬೆಳಗಾಗುವವರೆಗೂ ಕಾಯಬೇಡಿ.

ಪ್ರಶ್ನೆ: ವಯಸ್ಸು 22. ಮೂರು ನಾಲ್ಕು ತಿಂಗಳಿಗೊಮ್ಮೆ ಮುಟ್ಟು. ಪಿಸಿಓಡಿ ಅಂದರು. ಬರದೇ ಇದ್ದರೆ ಆರಾಮ ಅಲ್ವಾ, ಯಾಕೆ ಮಾತ್ರೆ ತಗೋಬೇಕು? — ದಾವಣಗೆರೆ

ಉತ್ತರ: ಪಿಸಿಓಡಿ ಅಂದರೆ ಹಾರ್ಮೋನು ಏರುಪೇರಾಗಿ ಅಂಡಾಣು ಸರಿಯಾಗಿ ಬಿಡುಗಡೆ ಆಗದಿರುವುದು, ಮೇಲೆ ಹೇಳಿದ ಒಳಪದರದ ಕಥೆಯೇ ಇದು. ಉದುರದೆ ತಿಂಗಳುಗಟ್ಟಲೆ ದಪ್ಪವಾಗುತ್ತಾ ಹೋಗುವುದು ಒಳ್ಳೆಯದಲ್ಲ, ಹೀಗೇ ವರ್ಷಾನುಗಟ್ಟಲೆ ನಡೆದರೆ ಮುಂದೆ ಆ ಪದರದಲ್ಲೇ ಕೆಟ್ಟ ಬದಲಾವಣೆ ಆಗಬಹುದು. ಕಮ್ಮಿ ಅಂದರೂ ಮೂರು ತಿಂಗಳಿಗೊಮ್ಮೆ ಅದು ಉದುರಬೇಕು, ಮಾತ್ರೆ ಕೊಡುವುದು ಅದಕ್ಕೆ. ತೂಕ ಜಾಸ್ತಿ ಇದ್ದರೆ ನೂರಕ್ಕೆ ಐದರಿಂದ ಹತ್ತು ಭಾಗ ಇಳಿಸಿದರೂ ಎಷ್ಟೋ ಜನರಿಗೆ ಮುಟ್ಟು ತಾನಾಗಿ ಹದಕ್ಕೆ ಬರುತ್ತದೆ. ವರ್ಷಕ್ಕೊಮ್ಮೆ ಸಕ್ಕರೆ ಪರೀಕ್ಷೆ ಮಾಡಿಸಿ.

ಪ್ರಶ್ನೆ: 24 ವರ್ಷ, ಮದುವೆ ಆಗಿಲ್ಲ. ಹೋದ ತಿಂಗಳು ಎರಡು ಸಲ, ಗರ್ಭ ನಿಲ್ಲದಿರಲಿ ಅಂತ ತುರ್ತು ಮಾತ್ರೆ ತೆಗೆದುಕೊಂಡೆ. ಆಮೇಲೆ ಒಂದು ವಾರಕ್ಕೆ ನಾಲ್ಕು ದಿನ ರಕ್ತ ಬಂತು, ನಿಂತಿತು, ಈಗ ಮತ್ತೆ ಚುಕ್ಕೆ ಚುಕ್ಕೆ ಕಾಣಿಸುತ್ತಿದೆ. ರಕ್ತ ಬಂದಿದೆ ಅಂದ ಮೇಲೆ ಗರ್ಭ ಇಲ್ಲ ಅಂತ ತಾನೇ? ಡಾಕ್ಟರ್ ಹತ್ತಿರ ಹೋಗೋಕೆ ಭಯ. — ಮಂಗಳೂರು

ಉತ್ತರ: "ರಕ್ತ ಬಂತು, ಹಾಗಾದರೆ ಗರ್ಭ ಇಲ್ಲ" ಅನ್ನುವ ಲೆಕ್ಕ ತಪ್ಪು. ನಾನು ಅತಿ ಹೆಚ್ಚು ಭಯಪಡುವುದು ಈ ನಂಬಿಕೆಗೆ. ಗರ್ಭ ನಿಂತವರಲ್ಲೂ ಮೊದಲ ವಾರಗಳಲ್ಲಿ ಸ್ವಲ್ಪ ರಕ್ತ ಕಾಣಿಸಬಹುದು. ಗರ್ಭ ಗರ್ಭಕೋಶದ ಬದಲು ಅಂಡಾಣು ಬರುವ ನಾಳದಲ್ಲಿ ಕೂತಾಗಲೂ ಕಾಣಿಸುವುದು ಹೀಗೇ, ಚುಕ್ಕೆ ಚುಕ್ಕೆಯಾಗಿ.

ಆದ್ದರಿಂದ ಇವತ್ತೇ ಮೆಡಿಕಲ್ ಶಾಪಿನಿಂದ ಗರ್ಭ ಪರೀಕ್ಷೆಯ ಕಿಟ್ ತನ್ನಿ. ಬೆಳಗಿನ ಮೊದಲ ಮೂತ್ರದಲ್ಲಿ ನೋಡಿ. ಕೊನೆಯ ಸಲ ಸೇರಿ ಮೂರು ವಾರ ಆಗಿದ್ದರೆ ಅದರ ಉತ್ತರ ನಂಬಬಹುದು. ಇನ್ನೂ ಆಗಿಲ್ಲದಿದ್ದರೆ ಮೂರು ವಾರ ತುಂಬಿದ ದಿನ ಮತ್ತೆ ಮಾಡಿ.

ಗರ್ಭ ಇಲ್ಲ ಅಂತಾದರೆ, ಇದು ಮಾತ್ರೆಯದೇ ಪರಿಣಾಮ. ತುರ್ತು ಮಾತ್ರೆ ಅಂದರೆ 1.5 ಮಿಲಿಗ್ರಾಂ ಲಿವೊನಾರ್ಜೆಸ್ಟ್ರೆಲ್, ಒಂದೇ ಸಲಕ್ಕೆ ದೊಡ್ಡ ಪ್ರಮಾಣದ ಹಾರ್ಮೋನು. ಅದರಿಂದ ಮುಟ್ಟು ಒಂದು ವಾರ ಮುಂಚೆ ಅಥವಾ ತಡವಾಗಿ ಬರಬಹುದು, ಮಧ್ಯೆ ಕಲೆ ಕಾಣಬಹುದು. ಒಂದೇ ತಿಂಗಳಲ್ಲಿ ಎರಡು ಸಲ ತಗೊಂಡರೆ ಏರುಪೇರು ಇನ್ನೂ ಜಾಸ್ತಿ. ಗರ್ಭಕೋಶ ಹಾಳಾಗುತ್ತದೆ, ಮುಂದೆ ಮಕ್ಕಳಾಗುವುದಿಲ್ಲ ಅನ್ನುವುದು ಎರಡೂ ಸುಳ್ಳು. ಸೇರಿದ 72 ಗಂಟೆಯೊಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, ಅಂತ ತಗೊಳ್ಳುವ ಮಾತ್ರೆ ಅದು. ಪ್ರತಿ ಸಲಕ್ಕೂ ಅದನ್ನೇ ನಂಬಿಕೊಂಡರೆ ಕೈಕೊಡುವ ಸಂಭವ ಜಾಸ್ತಿ. ಕಾಂಡೋಮ್ ಇದೆ, ದಿನಾ ನುಂಗುವ ಮಾತ್ರೆ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಮಾಲಾ-ಎನ್ ಉಚಿತವಾಗಿ ಸಿಗುತ್ತದೆ. ದಿನಾ ಮಾತ್ರೆ ಶುರುಮಾಡಿದವರಿಗೂ ಮೊದಲ ಮೂರು ತಿಂಗಳು ಮಧ್ಯೆ ಮಧ್ಯೆ ಕಲೆ ಕಾಣಿಸುವುದು ಸಾಮಾನ್ಯ, ಒಂದು ದಿನ ಮರೆತರೆ ಇನ್ನೂ ಕಾಣುತ್ತದೆ. ಫಿಟ್ಸ್‌ನ ಕೆಲವು ಮಾತ್ರೆ, ಕ್ಷಯದ ಮಾತ್ರೆ ನುಂಗುವವರಲ್ಲಿ ಇವು ಸರಿಯಾಗಿ ಕೆಲಸ ಮಾಡುವುದಿಲ್ಲ, ಅದನ್ನೂ ಹೇಳಿ ಕೇಳಿಕೊಳ್ಳಿ.

ವಂಕಿ, ಅಂದರೆ ಕಾಪರ್ ಟಿ, ಹಾಕಿಸಿಕೊಂಡ ಓದುಗರೂ ಕೇಳಿದ್ದಾರೆ: ಮೊದಲ ಮೂರರಿಂದ ಆರು ತಿಂಗಳು ರಕ್ತ, ನೋವು ಎರಡೂ ಜಾಸ್ತಿ ಇರಬಹುದು, ಆಮೇಲೆ ಕಮ್ಮಿಯಾಗುತ್ತದೆ. ಮೂರು ತಿಂಗಳಿಗೊಮ್ಮೆ ಹಾಕಿಸುವ ಅಂತರಾ ಚುಚ್ಚುಮದ್ದಿನಲ್ಲಿ ಮೊದಮೊದಲು ಕಲೆ, ಆಮೇಲೆ ಎಷ್ಟೋ ಜನರಿಗೆ ಮುಟ್ಟೇ ನಿಲ್ಲುತ್ತದೆ. ಅದು ಔಷಧಿಯಿಂದ ಆಗುವುದು. ಕೆಟ್ಟ ರಕ್ತ ಒಳಗೇ ಉಳಿದುಬಿಡುತ್ತದೆ ಅನ್ನುವ ಚಿಂತೆ ಬೇಡ.

ಮತ್ತೆ ನಿಮ್ಮ ಭಯದ ವಿಷಯ. ನಮ್ಮ ಕ್ಲಿನಿಕ್ಕುಗಳಲ್ಲಿ "ಮದುವೆ ಆಗಿದೆಯಾ?" ಅಂತ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆ ಅದಲ್ಲ, "ಗರ್ಭ ನಿಂತಿರುವ ಸಾಧ್ಯತೆ ಇದೆಯಾ?" ಅನ್ನುವುದು. ಅವರು ಸುತ್ತಿಬಳಸಿ ಕೇಳಿದರೂ ನೀವು ನೇರವಾಗಿ ಹೇಳಿ: "ಮದುವೆ ಆಗಿಲ್ಲ, ಸಾಧ್ಯತೆ ಇದೆ." ಅಮ್ಮ ಜೊತೆಗಿದ್ದರೆ ಎರಡು ನಿಮಿಷ ಡಾಕ್ಟರ್ ಹತ್ತಿರ ಒಬ್ಬಳೇ ಮಾತಾಡಬೇಕು ಅನ್ನಿ. ನಿಮ್ಮ ಮಾತನ್ನು ಗುಟ್ಟಾಗಿಡುವುದು ಡಾಕ್ಟರ ಕರ್ತವ್ಯ. ಯಾರಾದರೂ ಮುಖ ಸಿಂಡರಿಸಿದರೆ ಬೇರೆ ಡಾಕ್ಟರ್ ನೋಡಿ, ಚಿಕಿತ್ಸೆಯನ್ನೇ ಬಿಡಬೇಡಿ.

ಇದೊಂದನ್ನು ಮಾತ್ರ ನೆನಪಿಡಿ. ಪರೀಕ್ಷೆಯಲ್ಲಿ ಗರ್ಭ ಅಂತ ಬಂದು, ಕೆಳಹೊಟ್ಟೆಯ ಒಂದು ಬದಿ ಜೋರು ನೋವು, ತಲೆಸುತ್ತು, ಭುಜದ ತುದಿಯಲ್ಲಿ ನೋವು ಕಾಣಿಸಿಕೊಂಡರೆ ನಾಳದ ಗರ್ಭ ಒಡೆಯುತ್ತಿರಬಹುದು. ಹೊರಗೆ ರಕ್ತ ಕಮ್ಮಿಯೇ ಇರುತ್ತದೆ, ಒಳಗೆ ಹೊಟ್ಟೆ ತುಂಬುತ್ತಿರುತ್ತದೆ. ಆಗ ಯಾರಿಗೆ ಹೇಳೋದು ಅಂತ ಯೋಚಿಸುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಗರ್ಭ ತೆಗೆಯುವ ಮಾತ್ರೆಯನ್ನು ಅಂಗಡಿಯಿಂದ ತಂದು ಸ್ಕ್ಯಾನಿಂಗ್ ಇಲ್ಲದೆ ನುಂಗುವುದು ಅಪಾಯ ಅನ್ನುವುದೂ ಇದೇ ಕಾರಣಕ್ಕೆ. ನಾಳದ ಗರ್ಭಕ್ಕೆ ಆ ಮಾತ್ರೆ ಕೆಲಸ ಮಾಡುವುದಿಲ್ಲ.

ಪ್ರಶ್ನೆ: ನಮ್ಮ ಗೃಹಪ್ರವೇಶಕ್ಕೆ ಮುಟ್ಟು ಮುಂದೂಡುವ ಮಾತ್ರೆ ತಗೊಂಡೆ. ಕೆಲಸದ ಗಡಿಬಿಡಿಯಲ್ಲಿ ಎರಡು ಹೊತ್ತು ಮರೆತೆ, ಪೂಜೆಯ ದಿನವೇ ಕಲೆ ಶುರುವಾಯಿತು. ಮಾತ್ರೆ ಬಿಟ್ಟ ಮೇಲೆ ಎಂದಿಗಿಂತ ಜಾಸ್ತಿ ಹೋಗುತ್ತಿದೆ. — ತುಮಕೂರು

ಉತ್ತರ: ಅದು ನಾರ್‌ಎಥಿಸ್ಟರೋನ್. ಸಾಮಾನ್ಯವಾಗಿ 5 ಮಿಲಿಗ್ರಾಂನದು ದಿನಕ್ಕೆ ಮೂರು, ಮುಟ್ಟಿನ ಮೂರು ದಿನ ಮುಂಚೆಯೇ ಶುರು ಮಾಡಬೇಕು. ಹೊತ್ತು ತಪ್ಪಿದರೆ ಕಲೆ ಬಂದೇ ಬರುತ್ತದೆ. ಬಿಟ್ಟ ಎರಡು ಮೂರು ದಿನಕ್ಕೆ ಮುಟ್ಟು ಬರುತ್ತದೆ, ಈ ಸಲ ಸ್ವಲ್ಪ ಜಾಸ್ತಿ ಹೋಗಬಹುದು. 8 ದಿನ ದಾಟಿದರೆ ತೋರಿಸಿ. ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಲಿವರ್ ತೊಂದರೆ ಇರುವವರು ಇದನ್ನು ತಗೊಳ್ಳಲೇಬಾರದು, ಅಂಗಡಿಯವನು ಇದನ್ನೆಲ್ಲ ಕೇಳುವುದಿಲ್ಲ.

ತಗೊಳ್ಳುವುದು ಬಿಡುವುದು ನಿಮಗೆ ಬಿಟ್ಟದ್ದು, ನಾನು ಬೈಯುವುದಿಲ್ಲ. ಆದರೆ ಜಾತ್ರೆಗೆ, ಮದುವೆಗೆ, ಹಬ್ಬಕ್ಕೆ ಅಂತ ವರ್ಷಕ್ಕೆ ನಾಲ್ಕೈದು ಸಲ ಮುಂದೂಡುವುದು, ಅದರಲ್ಲೂ ಓದುವ ಹುಡುಗಿಯರಿಗೆ ಕೇಳದೆ ಹಾಲಿನ ಜೊತೆ ಮಾತ್ರೆ ಕೊಡುವುದು ಬೇಡವೇ ಬೇಡ. ದೇವರ ಮನೆಗೆ ಹೋಗಬೇಕೋ ಬೇಡವೋ ಅನ್ನುವುದಕ್ಕೆ ಆ ಮಗುವಿನ ಮೈ ಯಾಕೆ ತಿದ್ದಬೇಕು?

ಪ್ರಶ್ನೆ: 43 ವರ್ಷ. ಕೂಲಿ ಕೆಲಸ. ಒಂದು ವರ್ಷದಿಂದ ಮುಟ್ಟು 10 ದಿನ, ಗಡ್ಡೆ ಗಡ್ಡೆಯಾಗಿ ಹೋಗುತ್ತದೆ. ಸ್ಕ್ಯಾನಿಂಗ್‌ನಲ್ಲಿ 3 ಸೆಂಟಿಮೀಟರ್ ಫೈಬ್ರಾಯ್ಡ್ ಅಂದರು. ಗರ್ಭಚೀಲ ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ, ಈ ವಾರವೇ ಆಪರೇಷನ್ ಮಾಡಿಸಿ ಅಂತಾರೆ. ನಮ್ಮ ಅಕ್ಕನಿಗೂ 35ಕ್ಕೇ ತೆಗೆದರು, ಅವಳಿಗೆ ಅಂದಿನಿಂದ ಸೊಂಟ ನೋವು, ಮೈಯೆಲ್ಲ ಬಿಸಿ. ಏನು ಮಾಡಲಿ ಮೇಡಂ? — ಯಾದಗಿರಿ ಜಿಲ್ಲೆ

ಉತ್ತರ: ಅಕ್ಕ, ಈ ವಾರವೇ ಮಾಡಿಸಲೇಬೇಕಾದ ತುರ್ತು ನಿಮ್ಮ ಪತ್ರದಲ್ಲಿ ನನಗೆ ಕಾಣಲಿಲ್ಲ. ಆದರೆ ತೊಂದರೆ ನಿಜ, ಚಿಕಿತ್ಸೆ ಬೇಕೇ ಬೇಕು.

ಫೈಬ್ರಾಯ್ಡ್ ಅಂದರೆ ಗರ್ಭಕೋಶದ ಸ್ನಾಯುವಿನಲ್ಲಿ ಬೆಳೆಯುವ ಗಂಟು. ತುಂಬಾ ಹೆಂಗಸರಲ್ಲಿ ಇರುತ್ತದೆ, ಎಷ್ಟೋ ಜನರಿಗೆ ಅದು ಇದೆ ಅಂತ ಗೊತ್ತೇ ಇರುವುದಿಲ್ಲ. ಅದು ಕ್ಯಾನ್ಸರ್ ಆಗಿರುವುದು ಬಹಳ ಬಹಳ ಅಪರೂಪ. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ತಾನಾಗಿಯೇ ಸಣ್ಣದಾಗುತ್ತದೆ. ಗಂಟು ಎಷ್ಟು ದೊಡ್ಡದು ಅನ್ನುವುದಕ್ಕಿಂತ ಎಲ್ಲಿದೆ ಅನ್ನುವುದು ಮುಖ್ಯ. ಒಳಪದರಕ್ಕೆ ತಾಗಿಕೊಂಡಿದ್ದರೆ ಚಿಕ್ಕದಾದರೂ ರಕ್ತ ಸುರಿಯುತ್ತದೆ. ಹೊರಗಿನ ಗೋಡೆಯಲ್ಲಿದ್ದರೆ ದೊಡ್ಡದಾದರೂ ಸುಮ್ಮನಿರಬಹುದು. ಹಾಗಾಗಿ ನಿಮ್ಮ ಮೊದಲ ಪ್ರಶ್ನೆ ಇದಾಗಲಿ: "ಗಂಟು ಎಲ್ಲಿದೆ? ರಕ್ತ ಹೋಗುತ್ತಿರುವುದು ಅದರಿಂದಲೇನಾ?"

ಯಾಕೆಂದರೆ ಈ ವಯಸ್ಸಿನಲ್ಲಿ ರಕ್ತ ಜಾಸ್ತಿ ಹೋಗಲು ಬೇರೆ ಕಾರಣಗಳೂ ಇವೆ. ಪ್ರಪಂಚದ ಹೆರಿಗೆ, ಸ್ತ್ರೀರೋಗ ತಜ್ಞರ ಒಕ್ಕೂಟ 2011ರಲ್ಲಿ ಎಲ್ಲ ಕಾರಣಗಳನ್ನು ಒಂದೇ ಪಟ್ಟಿಗೆ ತಂದಿತು, ಅದರಲ್ಲಿ ಫೈಬ್ರಾಯ್ಡ್ ಒಂದು ಸಾಲು ಮಾತ್ರ. ಒಳಪದರದಲ್ಲಿ ಚಿಕ್ಕ ಪಾಲಿಪ್, ಅಂದರೆ ಮೆತ್ತನೆಯ ಸಣ್ಣ ಬೆಳವಣಿಗೆ, ಇರಬಹುದು, ಗರ್ಭಕೋಶದ ಗೋಡೆಯೇ ಊದಿಕೊಂಡಿರಬಹುದು, ಥೈರಾಯ್ಡ್ ಇರಬಹುದು, ಮುಟ್ಟು ನಿಲ್ಲುವ ವಯಸ್ಸು ಹತ್ತಿರ ಬಂದು ಅಂಡಾಣು ಸರಿಯಾಗಿ ಬಿಡುಗಡೆ ಆಗದಿರಬಹುದು. ನಮ್ಮಲ್ಲಿ ಮುಟ್ಟು ನಿಲ್ಲುವುದು ಸುಮಾರು 46–47ಕ್ಕೆ, ನೀವು ಆ ದಾರಿಯಲ್ಲೇ ಇದ್ದೀರಿ. ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸುವುದು, ಅಂದರೆ ಬಯಾಪ್ಸಿ, ಬೇಕಾ ಅಂತ ಕೇಳಿ. 45 ದಾಟಿದವರಿಗೆ, ಅಥವಾ ಅದಕ್ಕಿಂತ ಚಿಕ್ಕವರಾದರೂ ಸಕ್ಕರೆ ಕಾಯಿಲೆ, ಜಾಸ್ತಿ ತೂಕ ಇದ್ದವರಿಗೆ, ಮಾತ್ರೆಯಿಂದ ಹತೋಟಿಗೆ ಬರದವರಿಗೆ ಅದನ್ನು ಮಾಡಲೇಬೇಕು. ಕ್ಯಾನ್ಸರ್ ಇದೆಯೋ ಇಲ್ಲವೋ ಹೇಳುವುದು ಆ ಚೂರು. ಬಾಯಿಮಾತಿನಲ್ಲಿ ಕ್ಯಾನ್ಸರ್ ಅಂತ ಹೆದರಿಸಿ ಆಪರೇಷನ್‌ಗೆ ಒಪ್ಪಿಸುವುದು ಅನ್ಯಾಯ.

ಈ ಅನ್ಯಾಯ ನಿಮ್ಮ ಪಕ್ಕದಲ್ಲೇ ನಡೆದದ್ದು. ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಂಗಸರು, ಅವರಲ್ಲಿ ಎಷ್ಟೋ ಜನ 40 ದಾಟದವರು, ಬಿಳಿ ಸೆರಗು, ಹೊಟ್ಟೆ ನೋವು ಅಂತ ಖಾಸಗಿ ಆಸ್ಪತ್ರೆಗಳಿಗೆ ಹೋಗಿ ಗರ್ಭಕೋಶ ಕಳಕೊಂಡು ಬಂದ ಸಂಗತಿ 2015ರ ಹೊತ್ತಿಗೆ ದೊಡ್ಡ ಸುದ್ದಿಯಾಗಿತ್ತು. ಬೇಡದ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಸರ್ಕಾರ ಮಾಡಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕು ಅಂತ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಹೇಳಿದೆ. ಹಾಗಾಗಿ "ಇನ್ನೊಬ್ಬ ಡಾಕ್ಟರಿಗೂ ತೋರಿಸ್ತೀನಿ" ಅನ್ನುವುದಕ್ಕೆ ಸಂಕೋಚ ಬೇಡ. ಸ್ಕ್ಯಾನಿಂಗ್ ರಿಪೋರ್ಟ್ ನಿಮ್ಮದು, ಕೇಳಿ ಇಸಕೊಳ್ಳಿ. ಜಿಲ್ಲಾಸ್ಪತ್ರೆಗೋ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೋ ಹೋಗಿ, ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ನೋಡಿಸಿ.

ಆಪರೇಷನ್‌ಗೆ ಮುಂಚೆ ಮಾಡಬಹುದಾದದ್ದು ಬೇಕಾದಷ್ಟಿದೆ. ರಕ್ತ ಹೋಗುವ ದಿನಗಳಲ್ಲಿ ಮಾತ್ರ ನುಂಗುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಇದೆ (ರಕ್ತ ಹೆಪ್ಪುಗಟ್ಟುವ ಕಾಯಿಲೆ ಇದ್ದವರಿಗೆ ಬೇಡ). ಹಾರ್ಮೋನ್ ಮಾತ್ರೆ ಇದೆ. ಗರ್ಭಕೋಶದೊಳಗೆ ಇಡುವ ಹಾರ್ಮೋನ್ ವಂಕಿ ಇದೆ. ಮೊದಲ ಕೆಲವು ತಿಂಗಳು ಕಲೆ ಕಾಣಿಸಿದರೂ ಆಮೇಲೆ ರಕ್ತ ತೀರಾ ಕಮ್ಮಿಯಾಗುತ್ತದೆ, ವರ್ಷಗಟ್ಟಲೆ ಕೆಲಸ ಮಾಡುತ್ತದೆ. ಗಂಟು ಒಳಗಡೆ ಇದ್ದರೆ ಹೊಟ್ಟೆ ಕೊಯ್ಯದೆ ಕೆಳಗಿನಿಂದಲೇ ಅದನ್ನಷ್ಟೇ ತೆಗೆಯಬಹುದು. ಇದ್ಯಾವುದಕ್ಕೂ ಬಗ್ಗದೆ ಹಿಮೋಗ್ಲೋಬಿನ್ ಇಳಿಯುತ್ತಲೇ ಇದ್ದರೆ, ಅಥವಾ ಬಯಾಪ್ಸಿಯಲ್ಲಿ ಕೆಟ್ಟದ್ದು ಬಂದರೆ, ಆಗ ತೆಗೆಸುವುದೇ ಸರಿ. ಧೈರ್ಯವಾಗಿ ಮಾಡಿಸಿ. ಆಗಲೂ "ಅಂಡಾಶಯ ಉಳಿಸ್ತೀರಾ?" ಅಂತ ಕೇಳಿ. ನಿಮ್ಮ ಅಕ್ಕನಿಗೆ ಮೈ ಬಿಸಿ, ಸೊಂಟ ನೋವು ಅಂದಿರಿ. ಚಿಕ್ಕ ವಯಸ್ಸಿಗೇ ಅಂಡಾಶಯವನ್ನೂ ತೆಗೆದರೆ ಹೀಗಾಗುತ್ತದೆ, ಮೂಳೆ ಬೇಗ ಸವೆಯುತ್ತದೆ. ಅವರನ್ನೂ ಜೊತೆಗೆ ಕರಕೊಂಡು ಹೋಗಿ, ಆಪರೇಷನ್ ಕಾಗದ ಇದ್ದರೆ ತಗೊಂಡು ಹೋಗಿ. ಅವರಿಗೂ ಚಿಕಿತ್ಸೆ ಇದೆ.

ಹತ್ತು ರೂಪಾಯಿ ನಾಣ್ಯಕ್ಕಿಂತ ದೊಡ್ಡ ಗಡ್ಡೆ ಬೀಳುತ್ತಿದ್ದರೆ, ಎದ್ದು ನಿಂತರೆ ಕಣ್ಣು ಕತ್ತಲೆ ಬಂದರೆ, ಕೂಲಿ ಒಂದು ದಿನ ಹೋದರೂ ಪರವಾಗಿಲ್ಲ, ಅವತ್ತೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನಮ್ಮತ್ತೆಗೆ 61 ವರ್ಷ. ಮುಟ್ಟು ನಿಂತು ಹನ್ನೊಂದು ವರ್ಷ. ತಿರುಪತಿಗೆ ಹೋಗಿ ಬಂದ ಮೇಲೆ ಎರಡು ದಿನ ಸೀರೆಯಲ್ಲಿ ಕೆಂಪು ಕಲೆ. "ನಡೆದ ಉಷ್ಣಕ್ಕೆ ಆಗಿರ್ತದೆ, ನಿಂತು ಹೋಯ್ತಲ್ಲ" ಅಂತಾರೆ. ಶುಗರ್, ಬಿಪಿ ಇದೆ. — ಹಾಸನ

ಉತ್ತರ: ನಿಂತು ಹೋಯಿತು ಅನ್ನುವುದೇ ಇಲ್ಲಿ ಮೋಸ ಮಾಡುವುದು. ಮುಟ್ಟು ನಿಂತು ಒಂದು ವರ್ಷ ದಾಟಿದ ಮೇಲೆ ಒಂದೇ ಒಂದು ಸಲ, ಒಂದೇ ಹನಿ ಕಂಡರೂ ಪರೀಕ್ಷೆ ಆಗಬೇಕು. ಮುಟ್ಟು ಮತ್ತೆ ಶುರುವಾಗುವುದು ಅಂತ ಈ ವಯಸ್ಸಿನಲ್ಲಿ ಇಲ್ಲ.

ಹೆಚ್ಚಿನವರಲ್ಲಿ ಸಣ್ಣ ಕಾರಣವೇ ಸಿಗುತ್ತದೆ, ಒಳಗಿನ ಚರ್ಮ ಒಣಗಿ ತೆಳುವಾಗಿರುವುದು, ಪಾಲಿಪ್. ಆದರೆ ಹೀಗೆ ಬಂದ ಹತ್ತು ಜನರಲ್ಲಿ ಸುಮಾರು ಒಬ್ಬರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುತ್ತದೆ. ಸಕ್ಕರೆ ಕಾಯಿಲೆ, ತೂಕ ಇದ್ದರೆ ಸಾಧ್ಯತೆ ಸ್ವಲ್ಪ ಜಾಸ್ತಿ. ಈ ಕ್ಯಾನ್ಸರ್ ಬೇಗನೇ ರಕ್ತದ ಮೂಲಕ ಸುಳಿವು ಕೊಡುತ್ತದೆ, ಆಗಲೇ ಹಿಡಿದರೆ ಹೆಚ್ಚಿನವರು ಆಪರೇಷನ್‌ನಿಂದಲೇ ಗುಣವಾಗುತ್ತಾರೆ. ಅದಕ್ಕೇ ಕಾಯಬೇಡಿ ಅನ್ನುವುದು.

ಕೆಳಗಿನಿಂದ ಮಾಡುವ ಸ್ಕ್ಯಾನಿಂಗ್‌ನಲ್ಲಿ ಒಳಪದರದ ದಪ್ಪ ಅಳೆಯುತ್ತಾರೆ. 4 ಮಿಲಿಮೀಟರಿಗಿಂತ ಜಾಸ್ತಿ ಇದ್ದರೆ ತೆಳುವಾದ ಕೊಳವೆ ಹಾಕಿ ಚೂರು ತೆಗೆಯುತ್ತಾರೆ. ಕಮ್ಮಿ ಇದ್ದು, ಮತ್ತೆ ರಕ್ತ ಬಂದರೆ ಮತ್ತೆ ನೋಡಬೇಕು. ಮೂತ್ರದಿಂದಲೋ ಮೂಲವ್ಯಾಧಿಯಿಂದಲೋ ಬಂದಿದೆಯಾ ಅನ್ನುವುದನ್ನೂ ಡಾಕ್ಟರ್ ನೋಡುತ್ತಾರೆ. ಸ್ತನ ಕ್ಯಾನ್ಸರ್‌ಗೆ ಟಾಮಾಕ್ಸಿಫೆನ್ ನುಂಗಿದ್ದರೆ, ರಕ್ತ ತೆಳುವಾಗುವ ಮಾತ್ರೆ ಇದ್ದರೆ ಚೀಟಿ ಸಮೇತ ತೋರಿಸಿ. ಅತ್ತೆಯವರಿಗೆ ಸಂಕೋಚ ಇರುತ್ತದೆ. ಮಗನಿಗೆ ಹೇಳುವುದು ಬೇಡ ಅಂದರೆ ಬೇಡ, ಶುಗರ್ ಚೆಕಪ್‌ಗೆ ಹೋಗುವ ದಿನವೇ ನೀವೇ ಕರಕೊಂಡು ಹೋಗಿ, ಒಳಗೆ ಕೈ ಹಿಡಿದು ನಿಂತುಕೊಳ್ಳಿ. ಆದರೆ ಆ ದಿನ ಮುಂದಿನ ತಿಂಗಳಾದರೆ ಆಗುವುದಿಲ್ಲ, ಈ ವಾರ ಅಥವಾ ಮುಂದಿನ ವಾರ.

ಪ್ರಶ್ನೆ: 36 ವರ್ಷ, ಮೂರು ಮಕ್ಕಳು, ಆಪರೇಷನ್ ಆಗಿದೆ. ಗಂಡನ ಜೊತೆ ಸೇರಿದ ಮೇಲೆ ರಕ್ತ ಬರುತ್ತದೆ. ನಾಲ್ಕು ತಿಂಗಳಾಯಿತು. ಅವರು ನನ್ನ ಮೇಲೇ ಅನುಮಾನ ಪಡುತ್ತಾರೆ. — ಹಾವೇರಿ

ಉತ್ತರ: ಅನುಮಾನಕ್ಕೂ ಈ ರಕ್ತಕ್ಕೂ ಸಂಬಂಧ ಇಲ್ಲ. ಈ ಸಾಲನ್ನು ಅವರಿಗೂ ಓದಿ ಹೇಳಿ.

ಸೇರಿದ ಮೇಲೆ ಬರುವ ರಕ್ತ ಹೆಚ್ಚಾಗಿ ಗರ್ಭಕೋಶದ ಬಾಯಿಯಿಂದ ಬರುತ್ತದೆ. ಸೋಂಕು, ಪಾಲಿಪ್, ಬಾಯಿಯ ಒಳಗಿನ ಮೆತ್ತನೆಯ ಪದರ ಹೊರಗೆ ಕಾಣಿಸಿಕೊಂಡಿರುವುದು, ಇವೆಲ್ಲ ಸುಲಭವಾಗಿ ಗುಣವಾಗುವಂಥವು. ಆದರೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಕೂಡ ಮೊದಲು ಕಾಣಿಸುವುದು ಹೀಗೇ. ನಮ್ಮ ದೇಶದ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಬಿಟ್ಟರೆ ಇದೇ ಜಾಸ್ತಿ. ಎಚ್‌ಪಿವಿ ಅನ್ನುವ ವೈರಸ್‌ನಿಂದ ಬರುತ್ತದೆ. ಆ ವೈರಸ್ ಗಂಡಸರಲ್ಲಿ, ಹೆಂಗಸರಲ್ಲಿ, ಬಹುತೇಕ ಎಲ್ಲರಲ್ಲೂ ಯಾವಾಗಲೋ ಒಮ್ಮೆ ಬಂದು ಹೋಗಿರುತ್ತದೆ. ಅದರಿಂದ ಯಾರ ನಡತೆಯನ್ನೂ ಅಳೆಯಲು ಆಗುವುದಿಲ್ಲ. ವೈರಸ್ ಉಳಿದುಕೊಂಡರೆ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷಕ್ಕಿಂತ ಜಾಸ್ತಿ ಹಿಡಿಯುತ್ತದೆ, ಆ ಅವಧಿಯಲ್ಲಿ ಸಿಕ್ಕಿದರೆ ಚಿಕ್ಕ ಚಿಕಿತ್ಸೆಯಲ್ಲೇ ಮುಗಿಯುತ್ತದೆ.

ಸರ್ಕಾರಿ ಆಸ್ಪತ್ರೆಗಳಲ್ಲಿ 30 ದಾಟಿದವರಿಗೆ ಮಾಡುವ ಒಂದು ಸರಳ ಪರೀಕ್ಷೆ ಇದೆ. ಗರ್ಭಕೋಶದ ಬಾಯಿಗೆ ವಿನೆಗರ್‌ನಂಥ ದ್ರಾವಣ ಹಚ್ಚಿ ಒಂದು ನಿಮಿಷ ಕಾಯುತ್ತಾರೆ. ಬಿಳಿ ಕಲೆ ಎದ್ದರೆ ಮುಂದಿನ ಪರೀಕ್ಷೆ. ಆದರೆ ಅದು ಏನೂ ತೊಂದರೆ ಇಲ್ಲದವರಿಗೆ ಐದು ವರ್ಷಕ್ಕೊಮ್ಮೆ ಮಾಡುವುದು. ನಿಮಗೆ ರಕ್ತ ಬರುತ್ತಿದೆ, ಆದ್ದರಿಂದ ಬರೀ ಆ ಪರೀಕ್ಷೆ ಸಾಲದು. ಹೆಂಗಸರ ಡಾಕ್ಟರ್ ಗರ್ಭಕೋಶದ ಬಾಯಿಯನ್ನು ಕಣ್ಣಾರೆ ನೋಡಬೇಕು, ಪ್ಯಾಪ್ (ಬಾಯಿಯ ಮೇಲಿನ ಜೀವಕೋಶಗಳನ್ನು ಒರೆಸಿ ತೆಗೆದು ನೋಡುವುದು) ಅಥವಾ ಎಚ್‌ಪಿವಿ ಪರೀಕ್ಷೆ, ಅನುಮಾನ ಇದ್ದರೆ ಅಲ್ಲೇ ಬಯಾಪ್ಸಿ ಆಗಬೇಕು. ಒಳಗೆ ನೋಡದೆ "ಬಿಳಿ ಸೆರಗಿನ ಮಾತ್ರೆ" ಬರೆದುಕೊಟ್ಟು ಕಳಿಸಿದರೆ, "ಒಂದು ಸಲ ನೋಡಿ ಡಾಕ್ಟ್ರೇ" ಅಂತ ನೀವೇ ಕೇಳಿ.

ಮುಟ್ಟಿನ ದಿನ ಬಿಟ್ಟು ಹೋಗಿ. ಎರಡು ದಿನ ಮುಂಚೆಯಿಂದ ಸೇರುವುದು ಬೇಡ, ಒಳಗೆ ತೊಳೆಯುವುದು, ಮುಲಾಮು ಹಚ್ಚುವುದೂ ಬೇಡ, ಪ್ಯಾಪ್ ಪರೀಕ್ಷೆ ಸರಿಯಾಗಿ ಬರುವುದಿಲ್ಲ. ಎರಡು ಕಾಲು ಮಡಚಿ ಮಲಗಿಸಿ ಒಂದು ಉಪಕರಣ ಇಟ್ಟು ನೋಡುತ್ತಾರೆ, ಒತ್ತಿದ ಹಾಗಾಗುತ್ತದೆ, ಮೈ ಬಿಗಿ ಹಿಡಿಯದೆ ನಿಧಾನ ಉಸಿರು ಬಿಟ್ಟರೆ ಅಷ್ಟು ನೋಯುವುದಿಲ್ಲ, ಐದು ನಿಮಿಷದ ಕೆಲಸ. ಹೆಣ್ಣುಮಕ್ಕಳಿದ್ದರೆ 9ರಿಂದ 14 ವರ್ಷದೊಳಗೆ ಎಚ್‌ಪಿವಿ ಲಸಿಕೆ ಹಾಕಿಸುವ ವಿಷಯವನ್ನೂ ಅಲ್ಲೇ ಕೇಳಿಕೊಂಡು ಬನ್ನಿ. ರಿಪೋರ್ಟ್ ಬಂದ ಮೇಲೆ ಏನು ಹೇಳಿದರು ಅಂತ ನನಗೆ ಬರೆಯಿರಿ.